ಕೂಸು ಬಡವಾಗುವ ಬಗೆ

ಗಂಡಹೆಂಡಿರ ಜಗಳವನ್ನು ಕುರಿತು ನಮ್ಮ ಜನ ಎರಡು ಗಾದೆಗಳನ್ನು ಕಟ್ಟಿದ್ದಾರೆ. ಅದು ಉಂಡು ಮಲಗುವ ತನಕ ಎಂಬುದು ಒಂದು. ಅದರಲ್ಲಿ ಕೂಸು ಬಡವಾಯಿತು ಎಂಬುದು ಇನ್ನೊಂದು. ಮೊದಲನೆಯದು ನ್ಯಾಯಪಂಚಾಯಿತಿಯ ಕಟ್ಟೆಗಳಲ್ಲಿ, ಬಂಧುಬಳಗದ ಸಂಧಾನಗಳಲ್ಲಿ, ಪೊಲೀಸು ಠಾಣೆಗಳಲ್ಲಿ ಕೂಡ ಇಂದಿಗೂ ಕಿವಿಗೆ ಬೀಳುತ್ತದೆ. ಏಟು ತಿಂದ ಹೆಣ್ಣುಮಗಳನ್ನು ಮರಳಿ ಅದೇ ಮನೆಗೆ ಕಳುಹಿಸಬೇಕೆನ್ನುವವರಿಗೆ ಅದಕ್ಕಿಂತ ಅನುಕೂಲವಾದ ಮಾತು ಬೇರೊಂದಿಲ್ಲ. ಎರಡನೆಯದನ್ನು ರಾಜಕೀಯ ಪಕ್ಷಗಳ ಕಲಹಕ್ಕೋ ಸರ್ಕಾರಿ ಇಲಾಖೆಗಳ ತಿಕ್ಕಾಟಕ್ಕೋ ಅನ್ವಯಿಸಿ ಹೇಳುವುದು ನಮಗೆ ರೂಢಿಯಾಗಿಬಿಟ್ಟಿರುವುದರಿಂದ, ನಿಜವಾದ ಒಂದು ಮನೆಯ ನಿಜವಾದ ಒಂದು ಕೂಸು ಅದರಲ್ಲಿ ಇದ್ದಿತೆಂಬುದೇ ನೆನಪಿಗೆ ಬಾರದು. ದೊಡ್ಡವರು ಉಂಡು ಮಲಗಿದ ಮೇಲೂ ಆ ಜಗಳ ಮಗುವಿನೊಳಗೆ ಮುಗಿಯುವುದಿಲ್ಲವೆಂಬುದನ್ನು ಈ ಗಾದೆಯನ್ನು ಕಟ್ಟಿದ ಅನಾಮಧೇಯ ತಾಯಿ ಕಂಡಿದ್ದಳು. ವೈದ್ಯಶಾಸ್ತ್ರವು ಅದನ್ನು ಅಳೆದು ತೋರಿಸಲು ಆರಂಭಿಸಿ ಇನ್ನೂ ಬಹಳ ಕಾಲವಾಗಿಲ್ಲ.

ಎಳೆತನದ ಸಂಕಷ್ಟವು ಪ್ರೌಢ ದೇಹದಲ್ಲಿ ಉಳಿದಿರುತ್ತದೆಯೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾದುದಿಲ್ಲ. ಊರಿನವರು ಮಿಷನ್ ಆಸ್ಪತ್ರೆಯೆಂದೇ ಕರೆಯುವ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, 1934ರಿಂದ ಮೊದಲುಗೊಂಡು, ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಇವುಗಳನ್ನು ದಾದಿಯರು ರಿಜಿಸ್ಟರುಗಳಲ್ಲಿ ಬರೆದಿಡುತ್ತ ಬಂದರು. ಅರ್ಧ ಶತಮಾನಕ್ಕೂ ಮಿಗಿಲಾದ ಕಾಲ ಕಳೆದ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ತೆರೆದು, 1934ರಿಂದ 1954ರೊಳಗೆ ಅಲ್ಲಿ ಜನಿಸಿ ನಗರದ ಆಸುಪಾಸಿನಲ್ಲಿಯೇ ನೆಲೆಸಿದ್ದ 517 ಮಂದಿ ಸ್ತ್ರೀಪುರುಷರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಕಡಿಮೆ ತೂಕದಿಂದ ಹುಟ್ಟಿದ್ದವರು ನಡುವಯಸ್ಸನ್ನು ದಾಟಿದಾಗ ಅವರಲ್ಲಿ ಹೃದ್ರೋಗವು ಪುಷ್ಟವಾಗಿ ಹುಟ್ಟಿದ್ದವರಲ್ಲಿರುವುದಕ್ಕಿಂತ ಬಹಳ ಅಧಿಕವಾಗಿದ್ದಿತು. ತಾಯಿಯ ಬಸಿರಿನಲ್ಲಿ ಉಂಡ ಕೊರತೆ, ಮಗ ಮೊಮ್ಮಕ್ಕಳನ್ನು ಎತ್ತುವ ವಯಸ್ಸಿಗೆ ಬಂದಾಗ ಎದೆನೋವಾಗಿ ಎದುರಿಗೆ ನಿಂತಿತು. ದೇಹದ ಈ ನೆನಪಿಗೆ ಮೈಸೂರಿನ ದಾಖಲೆಗಳಿಗಿಂತ ಸ್ಪಷ್ಟವಾದ ಸಾಕ್ಷ್ಯವನ್ನು ಕೇಳಬೇಕಾದ ಅಗತ್ಯವಿಲ್ಲ.

ಆದರೆ ಹಸಿವನ್ನು ತೂಕದಿಂದ ಗುರುತಿಸಬಹುದು. ಭಯವನ್ನು ಗುರುತಿಸುವುದು ಹೇಗೆ? ಈ ಕೆಲಸಕ್ಕೆ ದಾರಿ ತೆರೆದುದು ಅಮೆರಿಕದ ಸ್ಯಾನ್ ಡಿಯಾಗೋ ನಗರದ ಒಂದು ಬೊಜ್ಜು ಚಿಕಿತ್ಸಾಲಯ. ಕೈಸರ್ ಪರ್ಮನೆಂಟೆ ಎಂಬ ಆರೋಗ್ಯಸಂಸ್ಥೆಯಲ್ಲಿ ಆ ಚಿಕಿತ್ಸಾಲಯವನ್ನು ನಡೆಸುತ್ತಿದ್ದ ವಿನ್ಸೆಂಟ್ ಫೆಲಿಟಿ ಎಂಬ ವೈದ್ಯರು, 1980ರ ದಶಕದ ನಡುವಿನಲ್ಲಿ, ವಿಚಿತ್ರವಾದ ಒಂದು ಸಂಗತಿಯನ್ನು ಕಂಡರು: ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟುಹೋಗುತ್ತಿದ್ದವರಲ್ಲಿ ಬಹುಮಂದಿ ತೂಕ ಇಳಿಯದೆ ಬೇಸತ್ತವರಲ್ಲ, ಚೆನ್ನಾಗಿ ಇಳಿಯುತ್ತಿದ್ದವರೇ. ಕಾರಣವನ್ನು ತಿಳಿಯಲು ಅವರನ್ನು ಮತ್ತೆ ಕರೆದು ಮಾತನಾಡಿಸುತ್ತಿದ್ದಾಗ, ಲೈಂಗಿಕ ಜೀವನ ಯಾವ ವಯಸ್ಸಿನಲ್ಲಿ ಆರಂಭವಾಯಿತೆಂದು ಒಬ್ಬ ಸ್ತ್ರೀಯನ್ನು ಕೇಳಬೇಕಾಗಿದ್ದ ಫೆಲಿಟಿಯವರು, ಬಾಯಿತಪ್ಪಿ, ಆಗ ನಿಮ್ಮ ತೂಕವೆಷ್ಟಿದ್ದಿತೆಂದು ಕೇಳಿಬಿಟ್ಟರು. ನಲವತ್ತು ಪೌಂಡು ಎಂದು ಆಕೆ ಹೇಳಿದಳು. ಹಾಗೆ ಮಾಡಿದವನು ತನ್ನ ತಂದೆಯೆಂದೂ ಹೇಳಿದಳು. ನಲವತ್ತು ಪೌಂಡೆಂದರೆ ಹದಿನೆಂಟು ಕಿಲೋ, ಇನ್ನೂ ಶಾಲೆಯ ಮುಖವನ್ನು ಸರಿಯಾಗಿ ಕಾಣದ ಮಗುವಿನ ತೂಕ. ಮುಂದೆ ಮಾತನಾಡಿಸಿದವರಲ್ಲಿ ಅನೇಕರ ಬಾಯಿಂದಲೂ ಇಂಥದೇ ಸಂಗತಿಗಳು ಹೊರಬೀಳತೊಡಗಿದುವು. ವೈದ್ಯರು ರೋಗವೆಂದು ತಿಳಿದಿದ್ದ ಸ್ಥೂಲಕಾಯವು ಆ ಹೆಂಗಸರಲ್ಲಿ ಎಷ್ಟೋ ಮಂದಿಗೆ ಪುರುಷರ ಕಣ್ಣಿನಿಂದ ತಮ್ಮನ್ನು ಮರೆಸಿಟ್ಟುಕೊಳ್ಳುವ ರಕ್ಷಣೆಯಾಗಿದ್ದಿತು; ಅದು ಕರಗುತ್ತಿದ್ದಂತೆ ಅವರು ಭಯಪಟ್ಟು ಓಡಿಹೋಗುತ್ತಿದ್ದರು.

ಫೆಲಿಟಿಯವರೂ ಅಮೆರಿಕದ ಕೇಂದ್ರ ರೋಗನಿಯಂತ್ರಣ ಸಂಸ್ಥೆಯ ರಾಬರ್ಟ್ ಆಂಡಾ ಅವರೂ ಕೂಡಿ 1995ರಿಂದ 1997ರವರೆಗೆ ಹದಿನೇಳು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ವಿಷಯವಾಗಿ ಪ್ರಶ್ನಿಸಿದರು. ಹೊಡೆತ, ಹೀನಾಯದ ಮಾತು, ಲೈಂಗಿಕ ದೌರ್ಜನ್ಯ, ಅನ್ನಬಟ್ಟೆಗಳ ಉಪೇಕ್ಷೆ, ಪ್ರೀತಿಯ ಉಪೇಕ್ಷೆ, ತಾಯಿಯ ಮೇಲೆ ನಡೆಯುವ ಹಿಂಸೆ, ಮನೆಯಲ್ಲಿ ಕುಡುಕರು, ಮನೆಯಲ್ಲಿ ಮಾನಸಿಕ ರೋಗ, ತಂದೆತಾಯಿಗಳ ಅಗಲಿಕೆ, ಮನೆಯವರೊಬ್ಬರು ಸೆರೆಮನೆ ಸೇರಿದುದು, ಹೀಗೆ ಹತ್ತು ಬಗೆಯ ಅನುಭವಗಳನ್ನು ಅವರು ಎಣಿಕೆಗೆ ತೆಗೆದುಕೊಂಡರು. ಉತ್ತರ ಕೊಟ್ಟವರು ಕೊಳೆಗೇರಿಯವರಲ್ಲ. ಬಹುಪಾಲು ವಿದ್ಯಾವಂತರು, ಉದ್ಯೋಗವೂ ಆರೋಗ್ಯವಿಮೆಯೂ ಉಳ್ಳ ಮಧ್ಯಮ ವರ್ಗದವರು. ಅಂಥವರಲ್ಲಿಯೂ ಮೂವರಲ್ಲಿ ಇಬ್ಬರು ಒಂದಾದರೂ ಅನುಭವವನ್ನು, ಎಂಟು ಮಂದಿಗೆ ಒಬ್ಬರಂತೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಅನುಭವಗಳನ್ನು ಹೇಳಿಕೊಂಡರು. ಏನನ್ನೂ ಅನುಭವಿಸದವರೊಡನೆ ಹೋಲಿಸಿದಾಗ, ನಾಲ್ಕು ಮತ್ತು ಅದಕ್ಕೂ ಮೇಲ್ಪಟ್ಟು ಅನುಭವಿಸಿದವರಲ್ಲಿ ಕುಡಿತದ ಚಟ ಸುಮಾರು 7 ಪಟ್ಟು, ಆತ್ಮಹತ್ಯೆಯ ಪ್ರಯತ್ನ ಸುಮಾರು 12 ಪಟ್ಟು, ಹೃದ್ರೋಗ ಸುಮಾರು ಎರಡು ಪಟ್ಟು ಹೆಚ್ಚಾಗಿದ್ದಿತೆಂದು 1998ರ ಅವರ ಲೇಖನ ತಿಳಿಸಿತು.

ಇದು ಆಗುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಾಲುದಾರಿಯಲ್ಲಿ ಹಾವನ್ನು ಕಂಡವನ ಎದೆ ಹೊಡೆದುಕೊಳ್ಳುತ್ತದೆ; ಅಡ್ರಿನಲಿನ್, ಕಾರ್ಟಿಸಾಲ್ ಮೊದಲಾದ ರಸಗಳು ರಕ್ತಕ್ಕೆ ಹರಿದು, ಸಕ್ಕರೆ ಏರಿ, ಓಡುವುದಕ್ಕೋ ಎದುರಿಸುವುದಕ್ಕೋ ದೇಹವೆಲ್ಲ ಸಿದ್ಧವಾಗುತ್ತದೆ. ಹಾವು ಬೇಲಿಯೊಳಗೆ ಸರಿದುಹೋದ ಮೇಲೆ ಎಲ್ಲವೂ ಮತ್ತೆ ಶಾಂತವಾಗುತ್ತದೆ. ಇದು ಪ್ರಕೃತಿ ಜೀವಿಗೆ ಕೊಟ್ಟ ವರ. ಆದರೆ ಭಯದ ಮೂಲವು ಮನೆಯೊಳಗೇ ಇದ್ದು, ಪ್ರತಿ ಸಂಜೆಯೂ ಬಾಗಿಲು ತೆರೆದು ಒಳಗೆ ಬರುವುದಾದರೆ, ಆ ಸಿದ್ಧತೆ ಎಂದಿಗೂ ಇಳಿಯುವುದಿಲ್ಲ. ಅಪ್ಪನ ಬೈಕಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿದೊಡನೆ, ಇಂದು ಎಷ್ಟು ಕುಡಿದಿದ್ದಾನೆಂಬುದನ್ನು ಅವನು ಬೈಕು ನಿಲ್ಲಿಸುವ ರೀತಿಯಿಂದಲೇ ಗ್ರಹಿಸಿ, ತಂಗಿಯನ್ನು ಎಳೆದುಕೊಂಡು ಕೋಣೆಯ ಮೂಲೆ ಸೇರುವ ಎಂಟು ವರ್ಷದ ಹುಡುಗಿ, ತನ್ನ ವಯಸ್ಸಿಗೆ ಮೀರಿದ ಒಂದು ವಿದ್ಯೆಯನ್ನು ಕಲಿತಿರುತ್ತಾಳೆ. ಆ ವಿದ್ಯೆಗಾಗಿ ಅವಳ ಮಿದುಳು, ಮಗ್ಗಿ ಕಲಿಯಬೇಕಾದ ಶಕ್ತಿಯನ್ನು ವೆಚ್ಚಮಾಡಿರುತ್ತದೆ. ಮರುದಿನ ತರಗತಿಯಲ್ಲಿ ಅವಳಿಗೆ ಪಾಠದಲ್ಲಿ ಗಮನವಿಲ್ಲವೆಂದು ಮೇಷ್ಟರು ಗದರಿಸುತ್ತಾರೆ. ಅವಳಿಗೆ ಗಮನವಿಲ್ಲವೆಂಬುದು ಸುಳ್ಳು. ಅದು ಹಗಲಿರುಳೂ ಬೇರೊಂದು ಕಡೆ ನೆಟ್ಟಿದೆ.

ಹಾರ್ವರ್ಡ್ ವಿಶ್ವವಿದ್ಯಾನಿಲಯದ ಜ್ಯಾಕ್ ಶಾಂಕಾಫ್ ಮತ್ತು ಅವರ ಸಹೋದ್ಯೋಗಿಗಳು ವಿಷಕಾರಿಯಾದ ಒತ್ತಡವೆಂದು ಕರೆದುದು ಈ ಸ್ಥಿತಿಯನ್ನೇ. ಮಿದುಳಿನ ಭಯದ ಕೇಂದ್ರವು ಸದಾ ಜಾಗೃತವಾಗಿದ್ದು, ಸ್ಮೃತಿ ಮತ್ತು ಸಂಯಮಗಳ ಕೇಂದ್ರಗಳು ಅದರ ಭಾರದಲ್ಲಿ ಬೆಳೆಯಬೇಕಾಗುತ್ತದೆ. ರೋಗನಿರೋಧಕ ವ್ಯವಸ್ಥೆ ಹದಗೆಟ್ಟು, ಶರೀರದಲ್ಲಿ ಕಣ್ಣಿಗೆ ಕಾಣದ ಉರಿಯೂತವೊಂದು ವರ್ಷಾನುಗಟ್ಟಲೆ ಉಳಿಯುತ್ತದೆ. ಮುಂದೆ ಹದಿನಾರರಲ್ಲಿ ಬೀಡಿಯೋ, ಇಪ್ಪತ್ತರಲ್ಲಿ ಕ್ವಾರ್ಟರ್ ಬಾಟಲಿಯೋ ಕೈಗೆ ಬಂದಾಗ, ಆ ದೇಹಕ್ಕೆ ಜನ್ಮದಲ್ಲಿ ಮೊದಲ ಬಾರಿಗೆ ಸ್ವಲ್ಪ ನೆಮ್ಮದಿ ದೊರಕುತ್ತದೆ. ಇದನ್ನು ದುಶ್ಚಟವೆಂದು ಹೆಸರಿಟ್ಟು ನಿಂದಿಸುವ ನಾವು, ಅದು ಯಾವ ನೋವಿಗೆ ಮದ್ದಾಗಿ ಬಂದಿತೆಂಬುದನ್ನು ಕೇಳುವುದಿಲ್ಲ. ಹೀಗೆ ಮದ್ದು ಹುಡುಕಿಕೊಂಡವನು ತಂದೆಯಾದಾಗ ಇನ್ನೊಂದು ಮನೆಯ ಬೀದಿತಿರುವಿನಲ್ಲಿ ಇನ್ನೊಂದು ಬೈಕಿನ ಸದ್ದು ಕೇಳಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಅಂಕಗಳನ್ನು ಕೂಡಿಸಿ ನೋಡುವ ಈ ಪದ್ಧತಿ ಜನಪ್ರಿಯವಾದಂತೆ, ಅದನ್ನು ಜಾತಕವನ್ನಾಗಿ ಮಾಡಿಕೊಂಡು, ಇಂಥ ಮಗುವಿನ ಬಾಳು ಇಂತಿಷ್ಟೇ ಎಂದು ಫಲ ಹೇಳುವ ಪ್ರವೃತ್ತಿಯೂ ಕಾಣಿಸಿಕೊಂಡಿದೆ. ಅಂಕವು ಜನಸಮೂಹದಲ್ಲಿನ ಅಪಾಯವನ್ನು ತಿಳಿಸುವುದೇ ಹೊರತು ಒಂದು ಮಗುವಿನ ಭವಿಷ್ಯವನ್ನಲ್ಲವೆಂದು, ಆ ಅಧ್ಯಯನದ ಕರ್ತೃಗಳಲ್ಲೊಬ್ಬರಾದ ಆಂಡಾ ಅವರೇ 2020ರಲ್ಲಿ ಸಂಗಡಿಗರೊಡನೆ ಬರೆದು ಸ್ಪಷ್ಟಪಡಿಸಿದರು. ಇದಲ್ಲದೆ, ಮಧ್ಯಮ ವರ್ಗದ ಅಮೆರಿಕನ್ನರಿಗಾಗಿ ರಚಿತವಾದ ಆ ಹತ್ತು ಪ್ರಶ್ನೆಗಳಲ್ಲಿ ಬಡತನದ ಮಾತಿಲ್ಲ. ಜಾತಿಯ ಅವಮಾನದ ಮಾತಂತೂ ಹೇಗೆ ಬಂದೀತು? ಯಾದಗಿರಿ ರಾಯಚೂರುಗಳ ಕಡೆಯಿಂದ ಗುಳೆ ಹೊರಟು, ಬೆಂಗಳೂರಿನಲ್ಲಿ ಕಟ್ಟಡ ಏಳುತ್ತಿರುವ ನಿವೇಶನದ ತಗಡಿನ ಶೆಡ್ಡಿನಲ್ಲಿ ವರ್ಷದ ಅರ್ಧಭಾಗವನ್ನು ಕಳೆಯುವ ಮಗು, ತಂದೆತಾಯಿಗಳು ಎಷ್ಟೇ ವಾತ್ಸಲ್ಯವುಳ್ಳವರಾಗಿದ್ದರೂ, ಶಾಲೆಯನ್ನು, ಗೆಳೆಯರನ್ನು, ಅಜ್ಜಿಯನ್ನು, ನಿದ್ದೆಯನ್ನು ಒಟ್ಟಿಗೇ ಕಳೆದುಕೊಳ್ಳುತ್ತದೆ. ಮನೆಯೊಳಗಿನ ದೋಷಗಳನ್ನು ಮಾತ್ರ ಎಣಿಸುವ ಪಟ್ಟಿಯಲ್ಲಿ ಈ ಮಗುವಿನ ಅಂಕ ಸೊನ್ನೆಯಾಗಿರಬಹುದು.

ನಮ್ಮ ದೇಶದ ಲೆಕ್ಕವೂ ಇಲ್ಲದೆ ಇಲ್ಲ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ್ದರು. ಮೂವರಲ್ಲಿ ಇಬ್ಬರು ಹೊಡೆತ ತಿಂದವರು. ಅರ್ಧಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು, ಅವರಲ್ಲಿ ಬಹುಪಾಲು ಮಕ್ಕಳು ಅದನ್ನು ಯಾರ ಬಳಿಯೂ ಹೇಳಿರಲಿಲ್ಲ. ಈ ಅಧ್ಯಯನದ ತರುವಾಯ 2012ರಲ್ಲಿ ಪೋಕ್ಸೊ ಕಾಯಿದೆ ಬಂದಿತು. ಅದು ಬಂದುದು ಒಳ್ಳೆಯದೇ. ಆದರೆ ಕಾಯಿದೆಯು ಬಾಗಿಲು ತಟ್ಟುವ ಹೊತ್ತಿಗೆ ಮಗುವಿಗೆ ಆಗಬಾರದುದು ಆಗಿಹೋಗಿರುತ್ತದೆ.

“ನಾವೂ ಏಟು ತಿಂದೇ ಬೆಳೆದವರು, ನಮಗೇನಾಗಿದೆ?” ಎಂಬುದು ಈ ವಿಷಯವನ್ನು ಎತ್ತಿದಾಗಲೆಲ್ಲ ಕೇಳಿಬರುವ ಪ್ರಶ್ನೆ. ಕೇಳುವವರಲ್ಲಿ ಸಜ್ಜನರೂ ಮಕ್ಕಳನ್ನು ಪ್ರಾಣದಂತೆ ಕಾಣುವವರೂ ಇದ್ದಾರಾದುದರಿಂದ ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಈ ಪ್ರಶ್ನೆಯನ್ನು ಕೇಳಲು ಉಳಿದವರು ಯಾರು? ಏಟಿನ ಭಯದಿಂದ ಮೂರನೆಯ ತರಗತಿಗೇ ಶಾಲೆ ಬಿಟ್ಟವನು, ಮನೆ ಬಿಟ್ಟು ರೈಲು ಹತ್ತಿದವನು, ಪರೀಕ್ಷೆಯ ಫಲಿತಾಂಶದ ದಿನ ಬಾವಿಗೆ ಹಾರಿದವಳು, ಈ ಚರ್ಚೆಯಲ್ಲಿ ಭಾಗವಹಿಸುತ್ತಿಲ್ಲ. ಬದುಕಿ ಬಂದವರು, ತಮ್ಮನ್ನು ಉಳಿಸಿದುದು ಏಟೆಂದು ತಿಳಿಯುತ್ತಾರೆ. ಏಟಿನ ಅನಂತರ ತಲೆ ನೇವರಿಸಿ ಎಣ್ಣೆ ಹಚ್ಚಿದ ಅಜ್ಜಿಯ ಕೈ ಅವರ ಲೆಕ್ಕಕ್ಕೆ ಬರುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಬೆತ್ತದ ಸಮರ್ಥನೆಗಾಗಿ ತರುವವರುಂಟು. ಎಳೆಯದು ಸುಲಭವಾಗಿ ಬಾಗುತ್ತದೆಂಬುದು ನಿಜವಾದರೆ, ಅದನ್ನು ಮುಟ್ಟುವ ಕೈ ಇನ್ನಷ್ಟು ಮೆತ್ತಗಿರಬೇಕೆಂಬುದೇ ಆ ಮಾತಿನಿಂದ ಹೊರಡತಕ್ಕ ತೀರ್ಮಾನ.

ಮಕ್ಕಳನ್ನು ಹೊಡೆಯುವುದನ್ನು ಮನೆಯೊಳಗೂ ನಿಷೇಧಿಸಿದ ಮೊದಲನೆಯ ದೇಶ ಸ್ವೀಡನ್, ವರ್ಷ 1979. ಆ ಕಾನೂನಿನಲ್ಲಿ ಹೊಸದಾಗಿ ಯಾವ ಶಿಕ್ಷೆಯನ್ನೂ ವಿಧಿಸಿರಲಿಲ್ಲ. ಅದಕ್ಕೆ ಪ್ರತಿಯಾಗಿ, ಹೊಡೆಯದೆ ಮಕ್ಕಳನ್ನು ಬೆಳೆಸುವ ಬಗೆಯನ್ನು ವಿವರಿಸುವ ಕಿರುಹೊತ್ತಗೆಯೊಂದನ್ನು ಮಕ್ಕಳಿರುವ ಮನೆಮನೆಗೂ ಹಂಚಿದರು. ದಿನವೂ ಊಟದ ಮೇಜಿಗೆ ಬರುವ ಹಾಲಿನ ಪೊಟ್ಟಣಗಳ ಮೇಲೆ ಕೆಲಕಾಲ ಈ ವಿಷಯವನ್ನೇ ಮುದ್ರಿಸಿದರು. ನಮ್ಮ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಅಂಥ ಕಲಮು ಇದೆಯೆಂಬುದನ್ನು ಎಷ್ಟು ಮಂದಿ ತಂದೆತಾಯಿಗಳಿಗೆ ತಿಳಿಸಿದ್ದೇವೆ? ನಾಲ್ಕು ಏಟು ಹಾಕಿ ಬುದ್ಧಿ ಕಲಿಸಿ ಎಂದು ಅವರೇ ಮೇಷ್ಟರಲ್ಲಿ ವಿನಂತಿಸಿಕೊಳ್ಳುವುದನ್ನು ನೋಡಿದರೆ, ಕಲಮು ಇನ್ನೂ ಕಾಗದದ ಮೇಲೆಯೇ ಇದೆಯೆಂದು ಹೇಳಬೇಕಾಗುತ್ತದೆ.

ಈ ವಿಷಯದಲ್ಲಿ ನನ್ನ ಮುಖ್ಯವಾದ ಮಾತು ಇದು: ಮಗುವಿನ ದುಃಖವನ್ನು ತಡೆಯಬೇಕಾದರೆ ಮಗುವಿಗಿಂತ ಮುಂಚೆ ಅದರ ಸುತ್ತಲಿನ ದೊಡ್ಡವರ ಭಾರವನ್ನು ಇಳಿಸಬೇಕು. ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶಗಳನ್ನು ಮಕ್ಕಳಿಗೆ ಕಲಿಸುವುದು ಬೇಕು. ಅದನ್ನಷ್ಟೇ ಮಾಡಿ ಕೈತೊಳೆದುಕೊಂಡರೆ, ತನ್ನ ರಕ್ಷಣೆಯ ಹೊಣೆಯನ್ನು ಆರು ವರ್ಷದ ಕೂಸಿನ ಹೆಗಲಿಗೇ ಹೊರಿಸಿದಂತಾಗುತ್ತದೆ.

ಕುಡಿತದಿಂದಲೇ ಆರಂಭಿಸೋಣ. 2007ರಲ್ಲಿ ಕರ್ನಾಟಕವು ಸಾರಾಯಿಯನ್ನು ನಿಷೇಧಿಸಿತು. ಅದರ ಸ್ಥಾನವನ್ನು ಅಗ್ಗದ ಮದ್ಯ ಆಕ್ರಮಿಸಿಕೊಂಡಿತು. 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಸಾವಿರಾರು ಗ್ರಾಮೀಣ ಮಹಿಳೆಯರು ಸಂಪೂರ್ಣ ಪಾನನಿಷೇಧವನ್ನು ಬೇಡಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಇನ್ನೂರು ಕಿಲೋಮೀಟರುಗಳಷ್ಟು ದೂರವನ್ನು ಕಾಲ್ನಡಿಗೆಯಲ್ಲಿಯೇ ಸವೆಸಿ ಬಂದರು. ಸ್ಯಾನ್ ಡಿಯಾಗೋ ಅಧ್ಯಯನ ಪಟ್ಟಿಮಾಡಿದ ಅನುಭವಗಳಲ್ಲಿ ಎಷ್ಟೋ ಈ ಒಂದೇ ಬಾಟಲಿಯಿಂದ ಇಳಿದು ಬರುವುದನ್ನು ಅವರು ತಮ್ಮ ಮನೆಗಳಲ್ಲಿಯೇ ಕಂಡವರು. ಸಂಪೂರ್ಣ ನಿಷೇಧದಿಂದ ಕಳ್ಳಭಟ್ಟಿ ಹೆಚ್ಚೀತೆಂಬ ಆಕ್ಷೇಪಣೆಯಲ್ಲಿ ತಥ್ಯವಿದೆ. ನಾನೂ ಅದನ್ನು ಒಪ್ಪುತ್ತೇನೆ. ಆದರೆ ಊರಿನ ಕಿರಾಣಿ ಅಂಗಡಿಯಲ್ಲಿ ಅಕ್ರಮವಾಗಿ ಮಾರುವ ಮದ್ಯವನ್ನು ತಡೆಯಲು, ಗ್ರಾಮಸಭೆಯ ಹೆಂಗಸರು ಬೇಡವೆಂದ ಕಡೆ ಅಂಗಡಿಗೆ ಪರವಾನಗಿ ನಿರಾಕರಿಸಲು, ತಾಲ್ಲೂಕು ಆಸ್ಪತ್ರೆಯಲ್ಲಿ ಕುಡಿತ ಬಿಡಿಸುವ ಚಿಕಿತ್ಸೆಯನ್ನು ಉಚಿತವಾಗಿ ಒದಗಿಸಲು ಯಾವ ಆಕ್ಷೇಪಣೆ ಅಡ್ಡಬರುತ್ತದೆ? ಅಬಕಾರಿ ಆದಾಯದ ಗುರಿಯನ್ನು ವರ್ಷವರ್ಷವೂ ಏರಿಸುತ್ತ ಹೋಗುವ ಸರ್ಕಾರಗಳು, ಪಕ್ಷ ಯಾವುದೇ ಇರಲಿ, ಈ ಪ್ರಶ್ನೆಗೆ ಉತ್ತರ ಕೊಡಬೇಕಾಗಿದೆ.

ಬಡತನದ ಮಾತು ಅದಕ್ಕೆ ಹೊಂದಿಕೊಂಡೇ ಬರುತ್ತದೆ. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಮಕ್ಕಳ ಮಾನಸಿಕ ಆರೋಗ್ಯವನ್ನು ಜೇನ್ ಕಾಸ್ಟೆಲೋ ಮತ್ತು ಅವರ ಸಂಗಡಿಗರು ಅಧ್ಯಯನ ಮಾಡುತ್ತಿದ್ದ ಕಾಲದಲ್ಲಿಯೇ, 1996ರಲ್ಲಿ, ಅಲ್ಲಿನ ಚೆರೋಕಿ ಮೂಲನಿವಾಸಿ ಸಮುದಾಯವು ತಾನು ತೆರೆದ ಜೂಜುಕೇಂದ್ರದ ಲಾಭವನ್ನು ತನ್ನ ಎಲ್ಲ ಕುಟುಂಬಗಳಿಗೂ ಹಂಚತೊಡಗಿತು. ಹಣದ ಮೂಲವನ್ನು ನಾನು ಮೆಚ್ಚಲಾರೆ. ಪರಿಣಾಮವನ್ನು ಮಾತ್ರ ಗಮನಿಸಬೇಕು. ಬಡತನದಿಂದ ಮೇಲೆದ್ದ ಮನೆಗಳ ಮಕ್ಕಳಲ್ಲಿ ಪುಂಡಾಟವೂ ಸಿಡುಕೂ ಇಳಿದುವು. ತಂದೆತಾಯಿಗಳಿಗೆ ಮಕ್ಕಳ ಕಡೆ ನೋಡಲು ಬಿಡುವು ದೊರೆತುದೇ ಇದಕ್ಕೆ ಮುಖ್ಯ ಕಾರಣವೆಂದು ಸಂಶೋಧಕರು ಕಂಡರು. ಮನೆಯೊಡತಿಯ ಕೈಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಸೇರಿಸುವ ನಮ್ಮ ಗೃಹಲಕ್ಷ್ಮಿ ಯೋಜನೆಯನ್ನು ಕುರಿತು ವಾದಿಸುವವರು, ಬೊಕ್ಕಸದ ಲೆಕ್ಕದೊಡನೆ ಇಂಥ ಲೆಕ್ಕವನ್ನೂ ಇಟ್ಟು ನೋಡುವುದು ಉಚಿತ. ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ಗಳು ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆ, ಅವು ಕಟ್ಟಡ ಕಾರ್ಮಿಕರ ಶೆಡ್ಡುಗಳ ಬಳಿಗೂ ಬರಬೇಕು.

ಇಷ್ಟಾದರೂ ಎಲ್ಲ ಮನೆಗಳೂ ಸರಿಹೋಗಲಾರವು. ಅಂಥ ಮನೆಯ ಮಗುವಿಗೆ ಗತಿಯೇನು? ಹವಾಯಿ ದ್ವೀಪಸ್ತೋಮದ ಕವಾಯ್ ಎಂಬಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬವರು ದಶಕಗಳ ಕಾಲ ಅನುಸರಿಸಿಕೊಂಡು ಬಂದರು. ಬಡತನ, ಕಲಹ, ಕುಡಿತ ಮುಂತಾದ ಹಲವು ಸಂಕಟಗಳ ನಡುವೆ ಬೆಳೆದ ಮಕ್ಕಳಲ್ಲಿಯೂ ಮೂರರಲ್ಲಿ ಒಂದು ಭಾಗದವರು ಸಮರ್ಥರೂ ಸ್ನೇಹಪರರೂ ಆದ ವಯಸ್ಕರಾಗಿ ನಿಂತರು. ಅವರ ಬಾಳಿನಲ್ಲಿ ತಂದೆತಾಯಿಗಳಲ್ಲದಿದ್ದರೂ ಅಜ್ಜಿಯೋ, ಚಿಕ್ಕಮ್ಮನೋ, ನೆರೆಯವರೋ, ಉಪಾಧ್ಯಾಯರೋ, ಕೈಬಿಡದೆ ಜೊತೆಗೆ ನಿಂತ ಯಾರಾದರೊಬ್ಬರು ಇದ್ದರು. ನಮ್ಮ ಹಳ್ಳಿಯ ಕನ್ನಡ ಶಾಲೆಗಳಲ್ಲಿ ಇಂಥ ಮೇಷ್ಟರೂ ಟೀಚರಮ್ಮನೂ ಈಗಲೂ ಇದ್ದಾರೆ. ಹಾಜರಿಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಮೂರು ದಿನ ಗೈರುಹಾಜರಿ ಬಿದ್ದರೆ ಮನೆಯ ಬಾಗಿಲಿಗೆ ಹೋಗಿ ನಿಲ್ಲುವವರು ಅವರು. ಅಂಥವರನ್ನು ಜನಗಣತಿ, ಚುನಾವಣೆ, ಸಮೀಕ್ಷೆಗಳೆಂದು ತಿಂಗಳುಗಟ್ಟಲೆ ತರಗತಿಯಿಂದ ಹೊರಗೆಳೆಯುವಾಗ, ಯಾವುದೋ ಮಗುವಿಗೆ ಇದ್ದ ಒಬ್ಬರೇ ಆಸರೆಯನ್ನು ತೆಗೆಯುತ್ತಿದ್ದೇವೆಂಬುದು ಅಧಿಕಾರಿಗಳ ಗಮನಕ್ಕೆ ಬಂದಂತಿಲ್ಲ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಶಾಲೆಯ ಗೋಡೆಯ ಮೇಲೆ ಇರಲಿ. ಆದರೆ ಸಂಖ್ಯೆಗೆ ಕರೆ ಮಾಡುವ ಧೈರ್ಯವನ್ನು ಮಗು ಪಡೆಯುವುದು ತನ್ನನ್ನು ನಂಬುವ ಒಬ್ಬ ಮನುಷ್ಯನಿಂದ.

ಎಲ್ಲಕ್ಕಿಂತ ಮುಂಚಿನ ಕೆಲಸ ಬಾಣಂತಿಯ ಕೋಣೆಯಲ್ಲಿದೆ. ನ್ಯೂಯಾರ್ಕ್ ಪ್ರಾಂತದ ಎಲ್ಮೈರಾ ಎಂಬ ಊರಿನಲ್ಲಿ 1970ರ ದಶಕದ ಕೊನೆಗೆ ಡೇವಿಡ್ ಓಲ್ಡ್ಸ್ ಎಂಬವರು ಒಂದು ಪ್ರಯೋಗವನ್ನು ಆರಂಭಿಸಿದರು: ಬಸುರಿನ ದಿನಗಳಿಂದ ಮಗುವಿಗೆ ಎರಡು ವರ್ಷ ತುಂಬುವವರೆಗೆ, ಎಳೆಯ ವಯಸ್ಸಿನ ಬಡ ತಾಯಂದಿರ ಮನೆಗೆ ತರಬೇತಾದ ದಾದಿಯೊಬ್ಬಳು ಕ್ರಮವಾಗಿ ಹೋಗಿ ಬರುವುದು, ಕೂತು ಮಾತನಾಡುವುದು. ಹದಿನೈದು ವರ್ಷಗಳ ಮೇಲೆ ನೋಡಿದಾಗ, ಹಾಗೆ ದಾದಿ ಹೋಗಿಬರುತ್ತಿದ್ದ ಮನೆಗಳಲ್ಲಿ ಮಕ್ಕಳ ಮೇಲಿನ ಹಿಂಸೆ ಮತ್ತು ಉಪೇಕ್ಷೆಯ ಪ್ರಕರಣಗಳು ಇತರ ಮನೆಗಳಲ್ಲಿದ್ದುದಕ್ಕಿಂತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದುವು.

ಈ ಏರ್ಪಾಡನ್ನು ನಾವು ಹೊಸದಾಗಿ ಕಟ್ಟಬೇಕಾದುದಿಲ್ಲ. 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ನಮ್ಮ ರಾಜ್ಯದ ಮೊದಲ ಅಂಗನವಾಡಿಗಳು ತೆರೆದುವು. ಇಂದು ಅಂಗನವಾಡಿಯಿಲ್ಲದ ಊರು ವಿರಳ. ಆಶಾ ಕಾರ್ಯಕರ್ತೆಯು ಹೆರಿಗೆಯಾದ ಮನೆಗೆ ಮೊದಲ ವಾರಗಳಲ್ಲಿ ಹಲವು ಬಾರಿ, ಆಮೇಲೆ ಮಗುವಿನ ಮೂರನೆಯ, ಆರನೆಯ, ಒಂಬತ್ತನೆಯ, ಹನ್ನೆರಡನೆಯ, ಹದಿನೈದನೆಯ ತಿಂಗಳುಗಳಲ್ಲಿ ಹೋಗಬೇಕೆಂಬ ನಿಯಮವಿದೆ. ಅವಳು ಕೂಸಿನ ತೂಕವನ್ನು ಕೇಳುತ್ತಾಳೆ, ಲಸಿಕೆಯ ಕಾರ್ಡನ್ನು ನೋಡುತ್ತಾಳೆ. ತಾಯಿ ರಾತ್ರಿ ನಿದ್ದೆ ಮಾಡುತ್ತಾಳೆಯೆ, ಕಾರಣವಿಲ್ಲದೆ ಅಳುತ್ತಾಳೆಯೆ, ಗಂಡ ಕೈಮಾಡುತ್ತಾನೆಯೆ, ಮನೆಯಲ್ಲಿ ಅವಳ ಮಾತನ್ನು ಕೇಳುವವರು ಯಾರಾದರೂ ಇದ್ದಾರೆಯೆ ಎಂಬ ಪ್ರಶ್ನೆಗಳನ್ನು ಅವಳು ಕೇಳುವುದಕ್ಕೆ ವೇಳೆಯಿಲ್ಲ. ಕೇಳಿ ಉತ್ತರ ಬಂದರೆ ಮುಂದೇನು ಮಾಡಬೇಕೆಂಬುದನ್ನು ಅವಳಿಗೆ ಕಲಿಸಿದವರಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಕ್ಕಳ ಮನೋವೈದ್ಯ ವಿಭಾಗದಲ್ಲಿ 2020ರಿಂದ ನಡೆಯುತ್ತಿರುವ ‘ಸಂವಾದ್’ ಎಂಬ ಕೇಂದ್ರವು ಮಕ್ಕಳ ರಕ್ಷಣೆಯ ಕೆಲಸಗಾರರಿಗೆ ದೇಶವ್ಯಾಪಿಯಾಗಿ ತರಬೇತು ಕೊಡುತ್ತಿರುವಾಗ, ಈ ವಿದ್ಯೆಯನ್ನು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರವರೆಗೆ ಸರಳವಾದ ಕನ್ನಡದಲ್ಲಿ ಇಳಿಸುವುದು ಕಠಿನವಾಗದು. ಕಠಿನವಾದುದು ಇನ್ನೊಂದು. ಈ ಹೆಂಗಸರಿಗೆ ನಾವು ಕೊಡುವುದು ಸಂಬಳವಲ್ಲ, ಗೌರವಧನ. ಅದೂ ತಡವಾಗಿ ಬಂದಾಗ ಅವರು ಫ್ರೀಡಂ ಪಾರ್ಕಿನ ಚಳಿಯಲ್ಲಿ ಮಲಗಿ ಕೇಳಿ ಪಡೆಯಬೇಕು. ಅವರ ಗೌರವಧನವನ್ನು ಜೀವನಕ್ಕೆ ಸಾಲುವ ವೇತನವನ್ನಾಗಿ ಮಾಡಿ, ಒಬ್ಬೊಬ್ಬರ ಪಾಲಿನ ಮನೆಗಳನ್ನು ಕಡಿಮೆಮಾಡಿ, ಮೊಬೈಲಿನಲ್ಲಿ ತುಂಬಬೇಕಾದ ಅಂಕಿಅಂಶಗಳನ್ನು ಅರ್ಧಕ್ಕೆ ಇಳಿಸಿ, ಒಂದೊಂದು ಬಾಣಂತಿಯ ಬಳಿಯೂ ಅರ್ಧ ಗಂಟೆ ಕೂರುವ ಬಿಡುವನ್ನು ಅವರಿಗೆ ಕೊಡುವ ಅನುದಾನವನ್ನು ಮುಂದಿನ ಆಯವ್ಯಯದಲ್ಲಿ ತೆಗೆದಿಡಬೇಕೆಂದು ಸರ್ಕಾರವನ್ನು ಒತ್ತಾಯಿಸುತ್ತೇನೆ.